ಬಸವನ ಹುಳುವನ್ನು ತಿನ್ನುವ ಬಸವನ ಹುಳು: ಎರಡಡಿಯ ತೊಟ್ಟಿಯಲ್ಲಿ ಎಂಟು ತಿಂಗಳು

ಎಂಟು ತಿಂಗಳ ಹಿಂದೆ ಬೆಂಗಳೂರಿನ ಒಂದು ಅಕ್ವೇರಿಯಂ ಅಂಗಡಿಯಿಂದ, ಒಂದಕ್ಕೆ 80 ರೂಪಾಯಿಯಂತೆ, ಐದು ಅಸಾಸಿನ್ ಸ್ನೇಲ್‌ಗಳನ್ನು ಕೊಂಡು ತಂದೆ. ಹಳದಿ ಮತ್ತು ಕಡು ಕಂದು ಪಟ್ಟೆಗಳು ಸುತ್ತಿಕೊಂಡ, ಹೆಬ್ಬೆರಳಿನ ಉಗುರಿಗಿಂತ ತುಸು ಉದ್ದನೆಯ, ಮೊನಚಾದ ಚಿಪ್ಪು ಹೊತ್ತ ಈ ಜೀವಿ ಬೇರೆ ಬಸವನ ಹುಳುಗಳನ್ನೇ ಬೇಟೆಯಾಡಿ ತಿನ್ನುತ್ತದೆ. ತೊಟ್ಟಿಯಲ್ಲಿ ಮಿತಿಮೀರಿ ಹೆಚ್ಚಿದ್ದ ಹುಳುಗಳನ್ನು ಹತೋಟಿಗೆ ತರಲೆಂದು ಅದಕ್ಕೂ ಮೊದಲು ಒಂದು ಔಷಧವನ್ನೂ ಒಂದು ಪ್ಲಾಸ್ಟಿಕ್ ಬೋನನ್ನೂ ಹಣ ಕೊಟ್ಟು ತಂದು ಪ್ರಯತ್ನಿಸಿದ್ದೆ. ಮೂರರ ಅನುಭವವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಹೆಚ್ಚಿನ ಮಾತು ಮಾತ್ರ ಈ ಪಟ್ಟೆ ಹುಳುವಿನ ಕುರಿತೇ ಇರುತ್ತದೆ, ಏಕೆಂದರೆ ಮೂರರಲ್ಲಿ ಮತ್ತೊಮ್ಮೆ ಹಣ ಕೊಟ್ಟು ಕೊಳ್ಳಲು ನಾನು ಸಿದ್ಧನಿರುವುದು ಅದೊಂದನ್ನೇ.

ನನ್ನದು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ. ಮರಳು ಮತ್ತು ಕಲ್ಲುಗಳ ಜಾಗ ಕಳೆದರೆ ಸುಮಾರು 45 ಲೀಟರ್ ನೀರು ಹಿಡಿಯುತ್ತದೆ. ಒಂದು ಸ್ಪಂಜ್ ಫಿಲ್ಟರ್, ಎರಡು ಅಂಗುಲದಷ್ಟು ಸಣ್ಣ ಮರಳು, ಅನುಬಿಯಾಸ್, ಜಾವಾ ಫರ್ನ್ ಮತ್ತು ವ್ಯಾಲಿಸ್ನೇರಿಯಾ ಗಿಡಗಳು, ಒಂದು ಡಜನ್ ಗಪ್ಪಿ ಮೀನುಗಳು, ಒಂದಷ್ಟು ಕೆಂಪು ಚೆರ್ರಿ ಸೀಗಡಿಗಳು ಇದರ ಸಂಸಾರ. ನಮ್ಮ ಮನೆಗೆ ಬರುವುದು ಬೋರ್‌ವೆಲ್‌ನ ಗಡಸು ನೀರು. ಗಪ್ಪಿಗಳಿಗೆ ಅದು ಹಿತವಾಗಿದೆ. ಅದರಲ್ಲಿರುವ ಸುಣ್ಣದ ಅಂಶ ಬಸವನ ಹುಳುಗಳ ಚಿಪ್ಪಿಗೂ ಅಷ್ಟೇ ಹಿತ ಎಂಬುದು ನನಗೆ ಮನದಟ್ಟಾಗುವ ಹೊತ್ತಿಗೆ ಗಾಜಿನ ಮೇಲೆಲ್ಲ ಅವುಗಳ ಲೋಳೆಮೊಟ್ಟೆಗಳು ಅಂಟಿಕೊಂಡಿದ್ದವು.

ಯಾವ ಉಪಾಯವನ್ನು ಕೊಳ್ಳುವ ಮೊದಲೂ ತೊಟ್ಟಿಯಲ್ಲಿರುವುದು ಯಾವ ಹುಳು ಎಂದು ಗುರುತಿಸಿಕೊಳ್ಳಬೇಕು, ಏಕೆಂದರೆ ಒಂದಕ್ಕೆ ನಾಟುವ ಉಪಾಯ ಇನ್ನೊಂದಕ್ಕೆ ನಾಟುವುದಿಲ್ಲ. ನನ್ನಲ್ಲಿ ಮೂರು ಬಗೆಯವಿದ್ದವು. ಮೊದಲನೆಯದು ಬ್ಲ್ಯಾಡರ್ ಸ್ನೇಲ್: ತೆಳುವಾದ, ಹೊಳೆಯುವ, ಗುಳ್ಳೆಯಂಥ ಚಿಪ್ಪಿನದು. ಚಿಪ್ಪಿನ ತುದಿಯನ್ನು ಮೇಲೆ ಮಾಡಿ ಬಾಯಿಯನ್ನು ನಮ್ಮ ಕಡೆಗೆ ತಿರುಗಿಸಿ ಹಿಡಿದರೆ ಇದರ ಬಾಯಿ ಎಡಗಡೆಗೆ ತೆರೆದಿರುತ್ತದೆ. ಹೆಚ್ಚಿನ ಬಸವನ ಹುಳುಗಳಲ್ಲಿ ಅದು ಬಲಗಡೆಗೆ ಇರುವುದರಿಂದ ಗುರುತು ತಪ್ಪುವುದಿಲ್ಲ. ಎರಡನೆಯದು ಹಗ್ಗದ ಸಿಂಬಿಯಂತೆ ಚಪ್ಪಟೆಯಾಗಿ ಸುತ್ತಿಕೊಂಡ ರ್‍ಯಾಮ್ಸ್‌ಹಾರ್ನ್. ಇವೆರಡೂ ದ್ವಿಲಿಂಗಿಗಳು ಮತ್ತು ಜೊತೆ ಸಿಗದಿದ್ದರೆ ಒಂಟಿಯಾಗಿಯೇ ಫಲಿತ ಮೊಟ್ಟೆಗಳನ್ನಿಡಬಲ್ಲವು, ಆದ್ದರಿಂದ ಗಿಡದ ಜೊತೆ ಒಂದೇ ಒಂದು ಹುಳು ಒಳಗೆ ಬಂದರೂ ಸಂತತಿ ಆರಂಭವಾಗುತ್ತದೆ. ಮೂರನೆಯದು ಮಲೇಷಿಯನ್ ಟ್ರಂಪೆಟ್ ಸ್ನೇಲ್. ಹೆಸರಿನಲ್ಲಿ ಮಲೇಷಿಯಾ ಇದ್ದರೂ ಇದು ನಮ್ಮ ಕೆರೆ ಕಾಲುವೆಗಳಲ್ಲಿಯೂ ಸಹಜವಾಗಿ ಇರುವ ಹುಳು. ಉದ್ದನೆಯ ಶಂಕುವಿನಾಕಾರದ ಇದು ಹಗಲೆಲ್ಲ ಮರಳಿನೊಳಗಿದ್ದು ರಾತ್ರಿ ಹೊರಬರುತ್ತದೆ, ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತದೆ, ಗಂಡಿನ ನೆರವಿಲ್ಲದೆಯೂ ಮರಿ ಹಾಕುತ್ತದೆ, ಅಪಾಯ ಕಂಡರೆ ಚಿಪ್ಪಿನ ಬಾಯಿಯನ್ನು ಗಟ್ಟಿ ಮುಚ್ಚಳದಿಂದ ಮುಚ್ಚಿಕೊಳ್ಳುತ್ತದೆ. ಈ ಮುಚ್ಚಳದ ವಿಷಯವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬರುತ್ತದೆ.

ಔಷಧದ ಕಥೆ ಎರಡು ವರ್ಷ ಹಿಂದಿನದು. ಬರೆಯಲು ಇಂದಿಗೂ ನೋವಾಗುತ್ತದೆ. ಅಂಗಡಿಯವರೊಬ್ಬರು ಬಸವನ ಹುಳು ಕೊಲ್ಲುವ ನೀಲಿ ದ್ರಾವಣದ ಸಣ್ಣ ಬಾಟಲಿಯೊಂದನ್ನು ಕೊಟ್ಟು, "ಮೀನಿಗೆ ಏನೂ ಆಗಲ್ಲ ಸರ್" ಎಂದಿದ್ದರು. ಬಾಟಲಿಯ ಮೇಲೆ ಹನಿಗಳ ಲೆಕ್ಕವಿತ್ತು, ಒಳಗೇನಿದೆ ಎಂಬುದು ಎಲ್ಲಿಯೂ ಇರಲಿಲ್ಲ. ಇಂಥ ದ್ರಾವಣಗಳಲ್ಲಿ ಸಾಮಾನ್ಯವಾಗಿ ಇರುವುದು ತಾಮ್ರ. ಮಲೆನಾಡಿನ ತೋಟಗಳಲ್ಲಿ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತವೂ ಅದೇ ತಾಮ್ರದ ಲವಣ. ಬಸವನ ಹುಳು, ಸೀಗಡಿಗಳಂಥ ಬೆನ್ನುಮೂಳೆಯಿಲ್ಲದ ಜಲಜೀವಿಗಳಿಗೆ ಅತ್ಯಲ್ಪ ಪ್ರಮಾಣದ ತಾಮ್ರವೂ ಮಾರಕ. ಬರೆದಿದ್ದ ಲೆಕ್ಕದಂತೆಯೇ ಹನಿ ಹಾಕಿದೆ. ಮರುದಿನ ಬೆಳಗ್ಗೆ ಬ್ಲ್ಯಾಡರ್ ಸ್ನೇಲ್‌ಗಳೆಲ್ಲ ಮರಳಿನ ಮೇಲೆ ಉದುರಿ ಬಿದ್ದಿದ್ದವು, ಸೀಗಡಿಗಳು ಒಂದೂ ಉಳಿದಿರಲಿಲ್ಲ. ಎರಡನೆಯ ದಿನ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಯಿತು. ಅಮೋನಿಯಾ ಪರೀಕ್ಷೆಯ ನಳಿಕೆ ಹಳದಿಯಲ್ಲಿ ನಿಲ್ಲದೆ ಕಡು ಹಸಿರಿಗೆ ತಿರುಗಿತು. ನೂರಾರು ಹುಳುಗಳು ಒಟ್ಟಿಗೆ ಸತ್ತು ಕೊಳೆತಾಗ ಹೊಮ್ಮುವ ಅಮೋನಿಯಾವನ್ನು ಅರಗಿಸಿಕೊಳ್ಳುವ ಶಕ್ತಿ ಸಣ್ಣ ತೊಟ್ಟಿಯ ಫಿಲ್ಟರ್‌ಗೆ ಇರುವುದಿಲ್ಲ. ದಿನಕ್ಕೆರಡು ಬಾರಿ ನೀರು ಬದಲಿಸಿದರೂ ಆರು ಗಪ್ಪಿಗಳು ಸತ್ತವು. ಇಷ್ಟಾದ ಮೇಲೂ ಮರಳಿನೊಳಗೆ ಮುಚ್ಚಳ ಬಿಗಿದುಕೊಂಡು ಕುಳಿತಿದ್ದ ಟ್ರಂಪೆಟ್ ಸ್ನೇಲ್‌ಗಳು ಹಲವು ಬದುಕಿಕೊಂಡವು. ತಾಮ್ರ ಮರಳಿನಲ್ಲಿ ಅಂಟಿ ಉಳಿಯಬಲ್ಲದ್ದರಿಂದ ಮತ್ತೆ ಸೀಗಡಿ ಬಿಡುವ ಮೊದಲು ಮರಳನ್ನೆಲ್ಲ ತೆಗೆದು ಹೊಸದು ಹಾಕಬೇಕಾಯಿತು. ಸೀಗಡಿ ಸಾಕುವವರು, ಗಿಡಗಳಿರುವ ಸಣ್ಣ ತೊಟ್ಟಿ ಇಟ್ಟುಕೊಂಡವರು ಇಂಥ ದ್ರಾವಣವನ್ನು ಕೊಳ್ಳಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಒಳಗಿರುವುದೇನೆಂದು ಬರೆಯದ ಬಾಟಲಿಯನ್ನು ಯಾವ ತೊಟ್ಟಿಯವರೂ ಕೊಳ್ಳಬಾರದು.

ಔಷಧದ ಮಾತು ಬಂದಾಗ ಅಡಿಕೆಯಿಂದಲೇ ತಯಾರಾಗುವ ಇನ್ನೊಂದು ಪುಡಿಯನ್ನೂ ಕೆಲವರು ಸೂಚಿಸುತ್ತಾರೆ. ಅಡಿಕೆಯ ಸಾರವಿರುವ ಈ ಪುಡಿ ಸೀಗಡಿ ತೊಟ್ಟಿಗಳಲ್ಲಿ ಕಾಣಿಸಿಕೊಳ್ಳುವ ಪ್ಲಾನೇರಿಯಾ ಎಂಬ ಚಪ್ಪಟೆ ಹುಳುಗಳನ್ನೂ ಹೈಡ್ರಾ ಎಂಬ ಪುಟ್ಟ ಜಲಜೀವಿಗಳನ್ನೂ ನಿವಾರಿಸಲೆಂದು ಮಾಡಿದ್ದು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶವನ್ನು ಹಿಂದೆ ನಾಯಿಗಳ ಹೊಟ್ಟೆಯ ಲಾಡಿಹುಳುವಿಗೆ ಮದ್ದಾಗಿ ಕೊಡುತ್ತಿದ್ದರು ಎಂಬುದನ್ನು ನೆನೆದರೆ ಅದರ ಗುಣ ಅರ್ಥವಾಗುತ್ತದೆ. ಸೀಗಡಿಗೆ ಅದು ತಾಮ್ರದಷ್ಟು ಅಪಾಯಕಾರಿಯಲ್ಲ, ಆದರೆ ಆಸೆಪಟ್ಟು ಸಾಕಿದ ನೆರೈಟ್‌ನಂಥ ಹುಳುಗಳನ್ನು ಅದು ಕೊಲ್ಲುತ್ತದೆ. ಬಸವನ ಹುಳುವಿನ ಹತೋಟಿಗೆಂದೇ ಮಾಡಿದ್ದಲ್ಲದ ಕಾರಣ ನಾನು ಅದರ ಗೊಡವೆಗೆ ಹೋಗಲಿಲ್ಲ.

ಪ್ಲಾಸ್ಟಿಕ್ ಬೋನಿಗೆ 250 ರೂಪಾಯಿ ಕೊಟ್ಟೆ. ಪಾರದರ್ಶಕವಾದ ಒಂದು ಡಬ್ಬಿ, ಒಳಗೆ ಹೋಗಲು ಬರುವ ಹೊರಗೆ ಬರಲು ಬಾರದ ಸಣ್ಣ ಕದಗಳು, ನಡುವೆ ಆಹಾರವಿಡುವ ಗೂಡು. ಇಷ್ಟೇ ಅದರ ರಚನೆ. ರಾತ್ರಿ ದೀಪ ಆರಿಸಿದ ಮೇಲೆ ಬೇಯಿಸಿದ ಸೌತೆಕಾಯಿಯ ಬಿಲ್ಲೆಯೊಂದನ್ನು ಒಳಗಿಟ್ಟು ಮರಳಿನ ಮೇಲೆ ಮಲಗಿಸಿದರೆ ಬೆಳಗ್ಗೆ ಇಪ್ಪತ್ತು ಮೂವತ್ತು ಹುಳುಗಳು ಸಿಗುತ್ತಿದ್ದವು. ಕೆಲಸ ಮಾಡುತ್ತದೆ, ಸುಳ್ಳಿಲ್ಲ. ಆದರೆ ಸೀಗಡಿಗಳೂ ಗಪ್ಪಿ ಮರಿಗಳೂ ಒಳಗೆ ಸೇರಿಕೊಳ್ಳುತ್ತಿದ್ದವು, ದೊಡ್ಡ ರ್‍ಯಾಮ್ಸ್‌ಹಾರ್ನ್‌ಗಳಿಗೆ ಕದದ ಕಿಂಡಿ ಸಾಲುತ್ತಿರಲಿಲ್ಲ, ಎರಡು ತಿಂಗಳಲ್ಲಿ ಒಂದು ಕದದ ತಿರುಗಣಿ ಮುರಿಯಿತು. ಆಮೇಲೆ ಖಾಲಿ ನೀರಿನ ಬಾಟಲಿಯ ಕತ್ತನ್ನು ಕತ್ತರಿಸಿ, ತಲೆಕೆಳಗಾಗಿ ಅದರೊಳಕ್ಕೇ ತೂರಿಸಿ, ಒಂದು ಕಲ್ಲಿನ ಭಾರ ಕೊಟ್ಟು ಇಟ್ಟಾಗ ಅಷ್ಟೇ ಹುಳುಗಳು ಬಿದ್ದವು. ಹಾಗಾಗಿ ಆ 250 ರೂಪಾಯಿ ವ್ಯರ್ಥವೆಂದೇ ಹೇಳಬೇಕು. ಬೋನಿನಿಂದ ದೊಡ್ಡವು ಕಡಿಮೆಯಾಗುತ್ತವೆ, ಮೊಟ್ಟೆಗಳು ಇದ್ದಲ್ಲೇ ಇರುತ್ತವೆ. ಒಂದು ವಾರ ಕೈಬಿಟ್ಟರೆ ಲೆಕ್ಕ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತದೆ.

ಈಗ ಅಸಾಸಿನ್ ಸ್ನೇಲ್‌ಗಳ ವಿಷಯ. ಇವುಗಳ ಶಾಸ್ತ್ರೀಯ ಹೆಸರು ಅನೆಂಟೋಮ್ ಹೆಲೆನಾ. ಕೆಲವು ಅಂಗಡಿಗಳ ಚೀಟಿಯಲ್ಲಿ ಕ್ಲಿಯಾ ಹೆಲೆನಾ ಎಂಬ ಹಳೆಯ ಹೆಸರೂ ಕಾಣುತ್ತದೆ. ಆಗ್ನೇಯ ಏಷ್ಯಾದ ಸಿಹಿನೀರಿನ ಜೀವಿಗಳಿವು. ಅಂಗಡಿಯವರು ಐದನ್ನೂ ಒಂದೇ ಚೀಲದಲ್ಲಿ ಸ್ವಲ್ಪ ನೀರು, ಹೆಚ್ಚು ಗಾಳಿ ತುಂಬಿ ಕೊಟ್ಟರು. ಮನೆಗೆ ಬಂದು ನೋಡಿದರೆ ಒಂದು ಅಲುಗಾಡುತ್ತಿರಲಿಲ್ಲ; ಹೊರತೆಗೆದು ಮೂಸಿದಾಗ ಕೊಳೆತ ನಾತವಿತ್ತು, ಅಂದರೆ ಅದು ಮೊದಲೇ ಸತ್ತಿತ್ತು. ಅಂಗಡಿಯವರು ಮರುಮಾತಿಲ್ಲದೆ ಬದಲಿಸಿ ಕೊಟ್ಟರು. ಕೊಳ್ಳುವವರು ಗಾಜಿನ ಮೇಲೆ ಹರಿದಾಡುತ್ತಿರುವ, ಮುಟ್ಟಿದೊಡನೆ ಒಳಗೆ ಸರಿದು ಮುಚ್ಚಳ ಹಾಕಿಕೊಳ್ಳುವ, ಚಿಪ್ಪಿನ ತುದಿ ಬೆಳ್ಳಗೆ ಸವೆದಿರದ ಹುಳುಗಳನ್ನೇ ಕೇಳಿ ಆರಿಸಿಕೊಳ್ಳುವುದು ಒಳ್ಳೆಯದು. ಆಮ್ಲೀಯವಾದ ಮೆದು ನೀರಿನಲ್ಲಿ ಬಹುಕಾಲ ಇದ್ದವುಗಳ ಚಿಪ್ಪು ಹಾಗೆ ಸವೆಯುತ್ತದೆ.

ತೊಟ್ಟಿಗೆ ಬಿಟ್ಟ ಅರ್ಧ ಗಂಟೆಯಲ್ಲಿ ಐದೂ ಮರಳಿನೊಳಗೆ ಮಾಯವಾದವು. ಮೂರು ದಿನ ಒಂದೂ ಕಾಣಿಸಲಿಲ್ಲ; ಹಣ ಮರಳು ಪಾಲಾಯಿತೆಂದೇ ಅಂದುಕೊಂಡಿದ್ದೆ. ನಾಲ್ಕನೆಯ ರಾತ್ರಿ ಟಾರ್ಚ್ ಹಿಡಿದು ನೋಡಿದಾಗ ಆನೆಯ ಸೊಂಡಿಲಿನಂಥ ಪುಟ್ಟ ಕೊಳವೆಯೊಂದು ಮರಳಿನಿಂದ ಮೇಲೆದ್ದು ಆಚೀಚೆ ವಾಲಾಡುತ್ತಿತ್ತು. ನೀರನ್ನು ಒಳಗೆಳೆದುಕೊಂಡು ವಾಸನೆ ಹಿಡಿಯುವ ಅಂಗ ಅದು. ಸ್ವಲ್ಪ ಹೊತ್ತಿನಲ್ಲಿ ಹುಳು ಪೂರ್ತಿ ಹೊರಬಂದು, ಆ ಕೊಳವೆ ಚಾಚಿದ ದಿಕ್ಕಿಗೇ ಹರಿದು, ಒಂದು ರ್‍ಯಾಮ್ಸ್‌ಹಾರ್ನ್‌ನ ಮೇಲೇರಿ, ಚಿಪ್ಪಿನ ಬಾಯಿಯೊಳಗೆ ತನ್ನ ಉದ್ದನೆಯ ಮೂತಿಯನ್ನು ತೂರಿಸಿತು. ಊಟ ಮುಗಿಯಲು ಗಂಟೆಗಳೇ ಹಿಡಿದವು. ದೊಡ್ಡ ಬೇಟೆಯಾದರೆ ಎರಡು ಮೂರು ಒಟ್ಟಾಗಿ ಮುತ್ತುವುದನ್ನು ಆಮೇಲೆ ಹಲವು ಬಾರಿ ಕಂಡಿದ್ದೇನೆ. ಬೆಳಗ್ಗೆ ಉಳಿಯುವುದು ತೊಳೆದಿಟ್ಟಂತೆ ಖಾಲಿಯಾದ ಚಿಪ್ಪು. ಔಷಧಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಈ ಖಾಲಿ ಚಿಪ್ಪೇ: ಒಳಗೆ ಕೊಳೆಯಲು ಏನೂ ಉಳಿಯದ ಕಾರಣ, ಸಾವು ಒಂದೊಂದಾಗಿ ಆಗುವ ಕಾರಣ, ನೀರು ಕೆಡುವುದಿಲ್ಲ.

ಎಲ್ಲ ಬಗೆಯ ಹುಳುಗಳ ಮೇಲೂ ಇವು ಒಂದೇ ಸಮನೆ ಪರಿಣಾಮಕಾರಿಯಲ್ಲ. ಮರಳಿನಲ್ಲಿ ಇವುಗಳ ಜೊತೆಗೇ ವಾಸಿಸುವ ಟ್ರಂಪೆಟ್ ಸ್ನೇಲ್‌ನ ಮರಿಗಳು ಮತ್ತು ನಿಧಾನಿಯಾದ ರ್‍ಯಾಮ್ಸ್‌ಹಾರ್ನ್ ಬೇಗ ಕಡಿಮೆಯಾದವು. ತಾಮ್ರಕ್ಕೂ ಬೋನಿಗೂ ಜಗ್ಗದ ಟ್ರಂಪೆಟ್ ಸ್ನೇಲ್ ಇವುಗಳ ಮುಂದೆ ಸೋತದ್ದು ನನಗೆ ಅತ್ಯಂತ ಸಮಾಧಾನ ಕೊಟ್ಟ ಸಂಗತಿ. ಬ್ಲ್ಯಾಡರ್ ಸ್ನೇಲ್ ಮಾತ್ರ ಜಾಣ. ಬೇಟೆಗಾರ ಮೈಗೆ ತಾಗಿದೊಡನೆ ಚಿಪ್ಪನ್ನು ಪಟಪಟನೆ ಒದರಿ ಬಿಡಿಸಿಕೊಂಡು, ಗಾಜಿನ ಮೇಲಂಚಿಗೆ, ಕೆಲವೊಮ್ಮೆ ನೀರಿನ ಮಟ್ಟಕ್ಕಿಂತ ಮೇಲಕ್ಕೂ ಏರಿಬಿಡುತ್ತದೆ. ಗಾಜಿಗಂಟಿದ ಲೋಳೆಮೊಟ್ಟೆಗಳನ್ನು ಇವು ನೆಚ್ಚಿಕೊಳ್ಳುವಷ್ಟು ತಿಂದದ್ದನ್ನು ನಾನು ಕಾಣಲಿಲ್ಲ. ಅವುಗಳನ್ನು ಹಳೆಯ ಕಾರ್ಡಿನ ಅಂಚಿನಿಂದ ನಾನೇ ಕೆರೆದು ತೆಗೆಯುತ್ತಿದ್ದೆ.

ಎಷ್ಟು ಕಡಿಮೆಯಾಯಿತು ಎಂಬುದನ್ನು ಅಂದಾಜಿಗೆ ಬಿಡಬಾರದೆಂದು ಪ್ರತಿ ಭಾನುವಾರ ರಾತ್ರಿ, ದೀಪ ಆರಿಸಿ ಒಂದು ಗಂಟೆಯಾದ ಮೇಲೆ, ಮುಂದಿನ ಗಾಜಿನ ಮೇಲೆ ಕಾಣುವ ಹುಳುಗಳನ್ನು ಎಣಿಸಿ ಬರೆದಿಟ್ಟೆ. ಮೊದಲ ಭಾನುವಾರ 64 ಇದ್ದವು. ಆರು ವಾರವಾದರೂ 50ರ ಆಸುಪಾಸಿನಲ್ಲೇ ಇತ್ತು. ಕಾರಣ ಸರಳ ಲೆಕ್ಕದಲ್ಲೇ ಇದೆ. ಒಂದು ಅಸಾಸಿನ್ ಸ್ನೇಲ್ ನನ್ನ ತೊಟ್ಟಿಯಲ್ಲಿ ಒಂದೆರಡು ದಿನಕ್ಕೆ ಒಂದು ಹುಳುವಿನಂತೆ ತಿನ್ನುತ್ತಿತ್ತು, ಐದೂ ಸೇರಿದರೆ ವಾರಕ್ಕೆ ಇಪ್ಪತ್ತರಷ್ಟು. ಆದರೆ ಒಂದೇ ಒಂದು ಲೋಳೆಮುದ್ದೆಯಲ್ಲಿ ಅಷ್ಟೋ ಅದಕ್ಕಿಂತ ಹೆಚ್ಚೋ ಮೊಟ್ಟೆಗಳಿರುತ್ತವೆ, ನಮ್ಮ ಊರಿನ ಬೆಚ್ಚಗಿನ ನೀರಿನಲ್ಲಿ ಅವು ಒಂದೆರಡು ವಾರದಲ್ಲಿ ಒಡೆಯುತ್ತವೆ. ಮೂರು ತಿಂಗಳು ತುಂಬಿದಾಗ ಎಣಿಕೆ 31ಕ್ಕೆ ಇಳಿದಿತ್ತು.

ಅಲ್ಲಿಯವರೆಗೆ ಮೀನಿಗೆ ಹಾಕುವ ಆಹಾರವನ್ನು ಬೇಕೆಂದೇ ಬದಲಿಸಿರಲಿಲ್ಲ, ಬದಲಿಸಿದ್ದರೆ ಯಾವುದರಿಂದ ಏನಾಯಿತೆಂದು ತಿಳಿಯುತ್ತಿರಲಿಲ್ಲ. ನಾಲ್ಕನೆಯ ತಿಂಗಳಿನಿಂದ ದಿನಕ್ಕೆ ಎರಡು ಚಿಟಿಕೆಯ ಬದಲು ಒಂದೇ ಚಿಟಿಕೆ, ಅದೂ ಗಪ್ಪಿಗಳು ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕತೊಡಗಿದೆ. ವಾರಕ್ಕೊಂದು ದಿನ ಏನೂ ಹಾಕಲಿಲ್ಲ. ಹಳದಿಯಾದ ಎಲೆಗಳನ್ನು ಆಗಲೇ ಕತ್ತರಿಸಿ ತೆಗೆದೆ. ನೀರು ಬದಲಿಸುವಾಗ ಮರಳಿನ ಮೇಲ್ಪದರದ ಕಸವನ್ನು ಸೈಫನ್‌ನಿಂದ ಎಳೆದು ಹಾಕಿದೆ. ಒಂದೇ ತಿಂಗಳಲ್ಲಿ ಎಣಿಕೆ 31ರಿಂದ 9ಕ್ಕೆ ಬಂತು. ಈಗ ಎಂಟನೆಯ ತಿಂಗಳಲ್ಲಿ ಕೆಲವು ಭಾನುವಾರ ಎರಡು, ಕೆಲವು ಭಾನುವಾರ ಮೂರು. ಇದರಲ್ಲಿ ಪಟ್ಟೆ ಹುಳುಗಳ ಪಾಲೆಷ್ಟು, ಆಹಾರ ಕಡಿತದ ಪಾಲೆಷ್ಟು ಎಂದು ಬೇರ್ಪಡಿಸುವುದು ಸಾಧ್ಯವಿಲ್ಲ, ಆದರೆ ಇಳಿತದ ವೇಗವನ್ನು ನೋಡಿದರೆ ದೊಡ್ಡ ಪಾಲು ಎರಡನೆಯದಕ್ಕೇ ಸಲ್ಲಬೇಕು. ಹುಳುಗಳ ಸಂಖ್ಯೆ ತೊಟ್ಟಿಯಲ್ಲಿ ಮಿಕ್ಕುವ ಆಹಾರದ ಅಳತೆಯೇ ಹೊರತು ಬೇರೇನಲ್ಲ. ಅಸಾಸಿನ್ ಸ್ನೇಲ್ ಮಾರುವ ಅಂಗಡಿಯವರು ಈ ಮಾತನ್ನೂ ಜೊತೆಗೆ ಹೇಳಿ ಕಳುಹಿಸಿದರೆ ಗಿರಾಕಿಗಳಿಗೆ ದೊಡ್ಡ ಉಪಕಾರವಾದೀತು. ನನಗೆ ಯಾರೂ ಹೇಳಲಿಲ್ಲ.

ಹಾಗಾದರೆ 400 ರೂಪಾಯಿ ಕೊಟ್ಟು ಇವುಗಳನ್ನು ಏಕೆ ಕೊಳ್ಳಬೇಕು? ಆಹಾರ ಕಡಿಮೆ ಮಾಡಿದಾಗ ಹೊಸ ಹುಟ್ಟು ನಿಲ್ಲುತ್ತದೆಯೇ ಹೊರತು ಈಗಾಗಲೇ ಬೆಳೆದು ನಿಂತ ಟ್ರಂಪೆಟ್ ಸ್ನೇಲ್‌ಗಳು ಮರಳಿನಿಂದ ತಾವಾಗಿ ಖಾಲಿಯಾಗುವುದಿಲ್ಲ. ಅವುಗಳನ್ನು ಹುಡುಕಿ ತಿನ್ನುವ, ಮೀನಿಗೂ ಗಿಡಕ್ಕೂ ತೊಂದರೆ ಕೊಡದ, ಒಮ್ಮೆ ಬಿಟ್ಟರೆ ವರ್ಷಗಟ್ಟಲೆ ಕಾವಲಿರುವ ಇನ್ನೊಂದು ಜೀವಿ ಎರಡಡಿಯ ತೊಟ್ಟಿಗೆ ಸಿಗುವುದಿಲ್ಲ. ನನ್ನ ಆರೋಗ್ಯವಂತ ಸೀಗಡಿಗಳ ಮೇಲೆ ಇವು ಎರಗಿದ್ದನ್ನು ಒಮ್ಮೆಯೂ ನೋಡಿಲ್ಲ. ಸತ್ತ ಸೀಗಡಿಯೊಂದನ್ನು ತಿನ್ನುತ್ತಿದ್ದದ್ದನ್ನು ಕಂಡಿದ್ದೇನೆ. ಆದರೆ ಮಿಸ್ಟರಿ ಸ್ನೇಲ್, ನೆರೈಟ್‌ಗಳನ್ನು ಪ್ರೀತಿಯಿಂದ ಸಾಕಿದವರು ಇವುಗಳನ್ನು ತರಕೂಡದು, ಪಟ್ಟೆ ಹುಳುವಿಗೆ ಅವೂ ಆಹಾರವೇ. ಮರಳಿನ ಬದಲು ದಪ್ಪ ಜಲ್ಲಿ ಹಾಸಿದ ತೊಟ್ಟಿಯಲ್ಲಿ ಇವು ಸರಿಯಾಗಿ ಹುದುಗಿಕೊಳ್ಳಲಾರವು ಎಂಬುದನ್ನೂ ಗಮನಿಸಬೇಕು.

ಅಂಗಡಿಗಳಲ್ಲಿ ಪರ್ಯಾಯವಾಗಿ ತೋರಿಸುವ ಎರಡು ಮೀನುಗಳ ಬಗ್ಗೆ ನನಗೆ ಗಟ್ಟಿಯಾದ ಆಕ್ಷೇಪವಿದೆ. ಒಂದು, ಬಟಾಣಿಯಷ್ಟು ಪುಟ್ಟದಾದ ಪೀ ಪಫರ್. ಕೇರಳ ಮತ್ತು ದಕ್ಷಿಣ ಕರ್ನಾಟಕದ ಪಶ್ಚಿಮಘಟ್ಟದ ನದಿಗಳನ್ನು ಬಿಟ್ಟು ಜಗತ್ತಿನ ಬೇರೆಲ್ಲಿಯೂ ಸಹಜವಾಗಿ ಇರದ ಈ ಮೀನು 1941ರಲ್ಲಿ ವಿಜ್ಞಾನಕ್ಕೆ ಪರಿಚಿತವಾಯಿತು. ಬಸವನ ಹುಳುವೆಂದರೆ ಅದಕ್ಕೆ ಪ್ರಾಣ, ನಿಜ, ಆದರೆ ಗಪ್ಪಿಗಳ ಬಾಲವೆಂದರೂ ಪ್ರಾಣ. ಇನ್ನೊಂದು ಜೀಬ್ರಾ ಲೋಚ್, ಅಂದರೆ ಬೋಷಿಯಾ ಸ್ಟ್ರಿಯಾಟಾ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾವ್ ಅವರು 1920ರಲ್ಲಿ ತುಂಗಾ ನದಿಯ ಮಾದರಿಗಳಿಂದ ವಿವರಿಸಿ ಹೆಸರಿಟ್ಟ, ನಮ್ಮದೇ ಎಂದು ಹೆಮ್ಮೆಪಡಬೇಕಾದ ಮೀನು ಅದು. ಇದು ಗುಂಪಿನಲ್ಲಿ ಬದುಕುವ, ಓಡಾಡಲು ಜಾಗ ಬೇಡುವ ಜೀವಿಯಾದ್ದರಿಂದ 45 ಲೀಟರ್ ನೀರಿನಲ್ಲಿ ಒಂಟಿಯಾಗಿಡುವುದು ಅದಕ್ಕೆ ಹಿಂಸೆ. ಎರಡೂ ಅಳಿವಿನ ಆತಂಕವಿರುವ ಪ್ರಭೇದಗಳ ಪಟ್ಟಿಯಲ್ಲಿವೆ, ಎರಡನ್ನೂ ಮಾರಾಟಕ್ಕಾಗಿ ಹೊಳೆಗಳಿಂದಲೇ ಹಿಡಿಯುತ್ತ ಬಂದಿದ್ದಾರೆ. ಗಾಜಿನ ಮೇಲೆ ಕಾಣುವ ನಾಲ್ಕು ಹುಳುಗಳಿಗಾಗಿ ತುಂಗೆಯಿಂದ ಒಂದು ಮೀನನ್ನು ಎತ್ತಿ ತರುವುದು ನನ್ನ ಮನಸ್ಸಿಗೆ ಒಪ್ಪದು.

ಅಸಾಸಿನ್ ಸ್ನೇಲ್‌ಗಳೇ ಮುಂದೆ ಪಿಡುಗಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಇವುಗಳಲ್ಲಿ ಗಂಡು ಹೆಣ್ಣು ಬೇರೆ ಬೇರೆ, ಹೊರನೋಟಕ್ಕೆ ಗುರುತು ಸಿಗುವುದಿಲ್ಲ. ಹೆಣ್ಣು ಒಂದೊಂದೇ ಮೊಟ್ಟೆಯನ್ನು ಪಾರದರ್ಶಕವಾದ ಪುಟ್ಟ ಚೌಕ ಚೀಲದಲ್ಲಿಟ್ಟು ಕಲ್ಲಿಗೋ ಎಲೆಗೋ ಅಂಟಿಸುತ್ತದೆ. ಐದನೆಯ ತಿಂಗಳಲ್ಲಿ ಅಂಥ ಹನ್ನೊಂದು ಚೀಲಗಳನ್ನು ಜಾವಾ ಫರ್ನ್‌ನ ಬುಡದ ಕಲ್ಲಿನ ಮೇಲೆ ಕಂಡೆ; ಇಂದಿಗೆ ನನ್ನ ಕಣ್ಣಿಗೆ ಬಿದ್ದಿರುವ ಮರಿಗಳು ನಾಲ್ಕೇ, ಒಂದೊಂದೂ ಅರ್ಧ ಸೆಂಟಿಮೀಟರ್‌ನಷ್ಟಿವೆ. ಬೇಟೆ ಸಿಗದಿದ್ದಾಗ ಇವು ಸಾಯುವುದಿಲ್ಲ, ತಳಕ್ಕೆ ಮುಳುಗುವ ಆಹಾರದ ಬಿಲ್ಲೆಯ ಚೂರನ್ನು ವಾರಕ್ಕೆರಡು ಬಾರಿ ಹಾಕಿದರೆ ಸಾಕು. ಹೆಚ್ಚಾದವುಗಳನ್ನು ಯಾವ ಕಾರಣಕ್ಕೂ ಕೆರೆಗೋ ಚರಂಡಿಗೋ ಬಿಡಬಾರದು. ಇವು ನಮ್ಮ ನಾಡಿನ ಜೀವಿಗಳಲ್ಲ, ನಮ್ಮ ಕೆರೆಗಳಲ್ಲಿರುವ ಬಸವನ ಹುಳುಗಳಿಗೆ ಇಂಥ ಬೇಟೆಗಾರನ ಅಭ್ಯಾಸವಿಲ್ಲ.

ಬೇಟೆ ತೀರಾ ಕಡಿಮೆಯಾದ ಮೇಲೆ, ಕಳೆದ ವಾರ, ದೊಡ್ಡ ಹುಳುಗಳಲ್ಲಿ ಎರಡನ್ನು ಕೊಂಡ ಅಂಗಡಿಗೇ ಹಿಂದಿರುಗಿಸಿದೆ. ಅವರು ಹಣ ಕೊಡುವ ಬದಲು ಒಂದು ಅನುಬಿಯಾಸ್ ಗಿಡವನ್ನು ಕೊಟ್ಟರು. ನನ್ನ ತೊಟ್ಟಿಗೆ ಮೊದಲ ಹುಳುಗಳು ಬಂದದ್ದು ಅಂಥದೇ ಒಂದು ಗಿಡದ ಬೇರಿನಲ್ಲಿ. ಆದ್ದರಿಂದ ಈ ಬಾರಿ ಅದನ್ನು ನೇರವಾಗಿ ನೀರಿಗಿಳಿಸದೆ, ಒಂದು ಬಕೆಟ್ ನೀರಿನಲ್ಲಿ ಪಟಿಕ ಕರಗಿಸಿ ಎರಡು ದಿನ ನೆನೆಸಿ, ಚೆನ್ನಾಗಿ ತೊಳೆದು, ಎಲೆಗಳ ಅಡಿಭಾಗವನ್ನು ಬೆರಳಿನಿಂದ ಸವರಿ ನೋಡಿ, ಬಾಲ್ಕನಿಯಲ್ಲಿ ಬೇರೆ ನೀರಿನಲ್ಲಿಟ್ಟಿದ್ದೇನೆ. ಎರಡು ವಾರ ಅಲ್ಲೇ ಇರಲಿದೆ. ನಿನ್ನೆ ರಾತ್ರಿ ಟಾರ್ಚ್ ಹಿಡಿದು ನೋಡಿದಾಗ ಬಕೆಟ್ಟಿನ ಗೋಡೆಯ ಮೇಲೆ ಕಡಲೆಬೇಳೆಗಿಂತ ಚಿಕ್ಕದಾದ ಒಂದು ಬ್ಲ್ಯಾಡರ್ ಸ್ನೇಲ್ ಮೇಲಕ್ಕೆ ಹರಿಯುತ್ತಿತ್ತು.